ಅರ್ಧವಿರಾಮ

ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಧವಿರಾಮದ ಕೀ ಇಲ್ಲ.
ಅರಸೀಕೆರೆ ಬಿ.ಎಚ್. ರಸ್ತೆಯ ಸೈಬರ್ ಸೆಂಟರ್ ಮುಚ್ಚಿದಾಗ
ಅಪ್ಪ ನಾಲ್ಕು ಸಾವಿರಕ್ಕೆ ತಂದದ್ದು.
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ
ಎಲ್ ಪಕ್ಕದ ಗುಳಿಯನ್ನು
ಬೆರಳು ಸುಮ್ಮಸುಮ್ಮನೆ ಸವರುತ್ತದೆ.

ಸಿ ಭಾಷೆಯಲ್ಲಿ ಬರೆಯುವವಳಿಗೆ
ಇದು ಉಪ್ಪಿಲ್ಲದ ಅಡುಗೆಮನೆ.
ಹೆಚ್ಚುಕಡಿಮೆ ಎಲ್ಲ ಸಾಲಿಗೂ ಅದು ಬೇಕು,
ಇಲ್ಲದಿದ್ದರೆ ಕಂಪೈಲರ್
ಹಾಲಮ್ಮ ಮಿಸ್ ಥರ ಕೆಂಪು ಗೀಟೆಳೆದು
ಇಡೀ ಪುಟ ವಾಪಸ್ ಎಸೆಯುತ್ತದೆ.

ಗುಂಪಿನಲ್ಲಿ ಹೇಳಿಕೊಂಡೆ ಒಂದು ರಾತ್ರಿ.
ಇಂಫಾಲದ ತೋಂಬಾ ನಗುವ ಮುಖ ಕಳಿಸಿದ.
ಇನ್ಯಾರೋ ಹೊಸ ಕೀಬೋರ್ಡಿನ ಬೆಲೆ ಹೇಳಿದರು.
ಗೂಬೆಮರಿ ಮಾತ್ರ,
ಸಿಂಧನೂರಿನವಳು, ಮುಖ ನೋಡಿಲ್ಲ, ನಿಜದ ಹೆಸರು ಕೇಳಿಲ್ಲ,
"ತಡಿಯವಾ, ನಾ ಕೊಡ್ತೀನಿ" ಅಂದು
ಹತ್ತು ಒತ್ತಿ ಕಳಿಸಿದಳು

;;;;;;;;;;

"ಈ ವಾರಕ್ಕ ಸಾಕೇನು?"

ಅವತ್ತಿನಿಂದ ಶುರು ನನ್ನ ರೇಷನ್.

ರಾತ್ರಿ ಒಂಬತ್ತೂವರೆ, ರೈಲ್ವೆ ಕ್ವಾರ್ಟರ್ಸ್, ಇರುವುದೊಂದೇ ಮೇಜು.
ಎಡಕ್ಕೆ ತ್ರಿಕೋನಮಿತಿಯ ಹನ್ನೆರಡು ಲೆಕ್ಕ,
ಗೋಪುರದ ನೆರಳು ಬೆಳೆಯುತ್ತಲೇ ಇದೆ, ಎತ್ತರ ಸಿಕ್ಕಿಲ್ಲ.
ನಡುವೆ ನಾನು ಕಟ್ಟುತ್ತಿರುವ ಜಂಕ್ಷನ್,
ಐದು ಪ್ಲಾಟ್‌ಫಾರಂ ಅಂದರೆ ಐದು ಗೆರೆ,
ಅದರ ಮೇಲೆ ಅಕ್ಷರಗಳ ಬೋಗಿ.
ಪರದೆಯ ಮೂಲೆಯಲ್ಲಿ ಟಿಂಗ್.

"ಏನ್ ಮಾಡಾಕತ್ತಿ?"
"ಲೆಕ್ಕ."
"ಸುಳ್ಳ."
"ಹೂಂ, ಸುಳ್ಳು."

ಹತ್ತೂಮುಕ್ಕಾಲಿಗೆ ನನ್ನ ಜಂಕ್ಷನ್ನಿನಲ್ಲಿ ಅಪಘಾತ.
ಹುಬ್ಬಳ್ಳಿಯದೊಂದು, ಮೈಸೂರಿನದೊಂದು
ಮೂರನೇ ಗೆರೆಯ ಮೇಲೆ ಮೂಗಿಗೆ ಮೂಗು ತಾಗಿಸಿ ನಿಂತು
ಪರದೆ ಮರಗಟ್ಟಿತು.
ರಾತ್ರಿಪಾಳಿಗೆ ಹೊರಟ ಅಪ್ಪ, ಇಪ್ಪತ್ತೆರಡು ವರ್ಷದ ಪಾಯಿಂಟ್ಸ್‌ಮನ್,
ಟಾರ್ಚ್ ಹಿಡಿದೇ ಬಗ್ಗಿ ನೋಡಿದರು.
ನಾನು ನೋಟ್‌ಬುಕ್ಕನ್ನು ಹತ್ತಿರ ಎಳೆದುಕೊಂಡೆ.

"ಎರಡನ್ನೂ ಒಳಗೆ ತಗೊಂಡಿದೀಯಲ್ಲೇ,
ಒಂದನ್ನ ಔಟರ್‌ನಲ್ಲಿ ನಿಲ್ಸು."
"ಎಷ್ಟೊತ್ತು ನಿಲ್ಸಬಹುದಪ್ಪ?"
"ಒಳಗಿರೋ ಜನ ಇಳಿದು ನಡೆಯೋಕೆ ಶುರು ಮಾಡೋವರೆಗೂ."
ಬಾಗಿಲಾಚೆ ಹೋಗಿ ಮತ್ತೆ ಇಣುಕಿದರು.
"ಲೆಕ್ಕ ಮುಗಿಸು ಮೊದ್ಲು."

ನಿಲ್ಲಿಸಿ ನೋಡಿದೆ.
ಸೋಮವಾರ ಲೆಕ್ಕವನ್ನು. ಮಂಗಳವಾರ ಬೆಂಚಿನ ಮೇಲೆ ನಿಂತೆ.
ಬುಧವಾರ ಜಂಕ್ಷನ್ನನ್ನು. ನಿದ್ದೆಯಲ್ಲೆಲ್ಲ ಹಳಿ.
ಗುರುವಾರ ಗೂಬೆಮರಿಯನ್ನು.
"ಬ್ಯುಸಿ" ಅಂತ ಒಂದು ಪದ ಎಸೆದೆ,
ಅವಳು ಏನೂ ಅನ್ನಲಿಲ್ಲ,
ಅವಳ ಹಸಿರು ಚುಕ್ಕಿ ಒಂದೂವರೆವರೆಗೂ ಉರಿಯುತ್ತಿತ್ತು.
ಅವತ್ತು ಹನ್ನೆರಡು ಲೆಕ್ಕವೂ ಸರಿ ಬಂದವು.
ನನಗೆ ಅದು ಹಿಡಿಸಲಿಲ್ಲ.

ಕನ್ನಡ ಪೀರಿಯಡ್. ಲೇಖನ ಚಿಹ್ನೆಗಳು.
"ಅರ್ಧವಿರಾಮ ಎಲ್ಲಿಂದ ಎಲ್ಲಿಗೆ ಬರುತ್ತೆ, ಯಾರು ಹೇಳ್ತೀರಿ?"
ಮುಂದಿನ ಬೆಂಚಿನ ಯಶೋಮತಿ ಎದ್ದು
ಪ್ರಧಾನ ವಾಕ್ಯ, ಉಪವಾಕ್ಯ ಎಲ್ಲ ಒಪ್ಪಿಸಿದಳು.
ನನ್ನ ಬಾಯಿಂದ ಜಾರಿದ್ದು,
"ಸಿಂಧನೂರಿಂದ, ಮಿಸ್."
ಕ್ಲಾಸಿಗೆ ಕ್ಲಾಸೇ ನಕ್ಕಿತು. ಹಾಲಮ್ಮ ಮಿಸ್ ಕೂಡ,
ಯಾಕೆ ಅಂತ ತಿಳಿಯದೆ.

ಫೆಬ್ರವರಿಯಲ್ಲಿ ಗೂಬೆಮರಿ ಬರೆದಳು.
"ಪರೀಕ್ಷಾ ಮುಗಿಯೂತನಕ ಅಣ್ಣ ಫೋನ್ ಇಸ್ಕೊಳ್ಳಾಕತ್ತಾನ.
ಇಷ್ಟ ಇಟ್ಕೋ. ಉಪಾಸ ಬೀಳಬ್ಯಾಡ."
ಕೆಳಗೆ ಪರದೆ ತುಂಬ ಇರುವೆಗಳ ಸಾಲು.
ಎಣಿಸಿದೆ. ಇನ್ನೂರ ಹದಿನಾಲ್ಕು.
ನಡುವೆ ಎರಡು ಕಡೆ ಬೆರಳು ತಪ್ಪಿ ಎಲ್ ಬಿದ್ದಿದೆ,
ಅವಸರದಲ್ಲಿದ್ದಳು.

ಒಂದನ್ನು ಕಾಪಿ ಮಾಡಿಕೊಂಡರೆ ಜನ್ಮಕ್ಕೆ ಸಾಕು.
ಮೊದಲ ದಿನವೇ ಗೊತ್ತಿತ್ತು ನನಗೆ,
ಅವಳಿಗೂ ಗೊತ್ತಿತ್ತು.
ನಾನು ಕಾಪಿ ಮಾಡುವುದಿಲ್ಲ, ಕಟ್ ಮಾಡುತ್ತೇನೆ,
ಒಂದೊಂದೇ ತೆಗೆದು ಸಾಲಿನ ಕೊನೆಗಿಡುತ್ತೇನೆ.
ಇರುವೆಯ ಸಾಲು ಅಷ್ಟಷ್ಟೇ ಗಿಡ್ಡವಾಗುತ್ತದೆ.

ಇವತ್ತಿಗೆ ನೂರ ಎಂಬತ್ತಮೂರು ಉಳಿದಿವೆ.
ಗೋಪುರದ ಎತ್ತರ ಇನ್ನೂ ಬಂದಿಲ್ಲ.
ಹೊರಗೆ ಔಟರ್‌ನಲ್ಲಿ ಯಾವುದೋ ಗೂಡ್ಸ್ ಗಾಡಿ
ಕೂಗಿ ಕೂಗಿ ಸುಮ್ಮನಾಗಿದೆ.